ಜಿಲ್ಲೆಗಳು ಕಳಿಸಿಕೊಟ್ಟ ಪ್ರಶ್ನೆಗಳು

ಹೈದರಾಬಾದಿನ ಅಬಿಡ್ಸ್‌ನ ದೊಡ್ಡ ಅಂಚೆ ಕಚೇರಿಯಿಂದ ಕೋಠಿಯ ಕಡೆ ನಡೆದು ಹೋದರೆ ಸ್ವಲ್ಪ ಹೊತ್ತಿಗೆಲ್ಲ ಉಸ್ಮಾನಿಯಾ ಮೆಡಿಕಲ್ ಕಾಲೇಜು ಸಿಗುತ್ತದೆ. ಅಲ್ಲಿಂದಲೇ ಬಶೀರ್‌ಬಾಗ್ ಕಡೆ ತಿರುಗಿದರೆ 1958ರಿಂದ 2003ರವರೆಗೆ ಗಾಂಧಿ ಮೆಡಿಕಲ್ ಕಾಲೇಜು ನಡೆದ ಜಾಗ. ನಾಂಪಲ್ಲಿ ಸ್ಟೇಷನ್ ರಸ್ತೆಗೆ ಹೊರಳಿದರೆ ಗೋಲ್ಡನ್ ಥ್ರೆಶೋಲ್ಡ್. ಸರೋಜಿನಿ ನಾಯ್ಡು ಅವರ ಮನೆಯೆಂದು ಎಲ್ಲರಿಗೂ ಗೊತ್ತು, ಅವರ ಪತಿ ಗೋವಿಂದರಾಜುಲು ನಾಯ್ಡು ನಿಜಾಮರ ಸೇವೆಯಲ್ಲಿದ್ದ ಡಾಕ್ಟರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಕೊನೆಯ ನಿಜಾಮರು ವಾಸವಿದ್ದ ಕಿಂಗ್ ಕೋಠಿಯ ಒಂದು ಭಾಗ ಈಗ ಸರ್ಕಾರಿ ಆಸ್ಪತ್ರೆ. ಅಬಿಡ್ಸ್ ಎಂದರೆ ಬಟ್ಟೆ ಅಂಗಡಿ, ಟಾಕೀಸು, ಭಾನುವಾರದ ಫುಟ್‌ಪಾತ್ ಪುಸ್ತಕ ಎಂದು ತಿಳಿದವರು ಈ ಆಸುಪಾಸು ವೈದ್ಯವಿದ್ಯೆಯ ಒಂದು ದೊಡ್ಡ ಕೇರಿಯೂ ಆಗಿತ್ತು ಎಂಬುದನ್ನು ಮರೆತಿರುತ್ತಾರೆ.

ಸ್ಮರಣ ಸಂಚಿಕೆಯ ಲೇಖನವೆಂದರೆ ಪ್ರಿನ್ಸಿಪಾಲರ ಪಟ್ಟಿ, ಕಟ್ಟಡಗಳ ಶಂಕುಸ್ಥಾಪನೆ, ಬೆಳ್ಳಿಹಬ್ಬ, ಚಿನ್ನದ ಹಬ್ಬ. ಅವೆಲ್ಲ ಬೇರೆ ಕಡೆ ಅಚ್ಚಾಗಿವೆ. ಇಲ್ಲಿನ ಅಧ್ಯಾಪಕರು ಯಾವ ಯಾವ ರೋಗಗಳ ಬೆನ್ನು ಹತ್ತಿದರು, ಆ ರೋಗಗಳನ್ನೇ ಯಾಕೆ ಹಿಡಿದರು ಎಂಬುದು ನನ್ನ ಕುತೂಹಲ. ಹುಡುಕುತ್ತಾ ಹೋದಂತೆ ನನಗೆ ಗಟ್ಟಿಯಾದ ಮಾತೊಂದಿದೆ. ಇಲ್ಲಿ ನಿಜವಾಗಿ ಬಾಳಿದ ಸಂಶೋಧನೆಯ ಬಹುಪಾಲನ್ನು ಹೊರರೋಗಿಗಳ ಸಾಲು ಹುಟ್ಟಿಸಿತು. ನಲಗೊಂಡದ ಬಾವಿ, ತೆಲಂಗಾಣದ ಜೋಳದ ಹೊಲ, ಮೂಸಿ ನದಿಯ ದಂಡೆ, ನಮ್ಮ ಮಲೆನಾಡಿನ ಒಂದು ಹಳ್ಳಿ, ಇವೆಲ್ಲ ಈ ಊರಿನ ವೈದ್ಯರಿಗೆ ಪ್ರಶ್ನೆ ಕಳಿಸಿದವು. ಉತ್ತರ ಹುಡುಕುವ ತಾಳ್ಮೆ ಇದ್ದವರ ಹೆಸರು ಉಳಿಯಿತು.

ಶುರುವಾದದ್ದು 1846ರಲ್ಲಿ. ನಾಲ್ಕನೆಯ ಅಸಫ್‌ಜಾ ನಾಸಿರುದ್ದೌಲನ ಕಾಲ. ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ಆಗಿದ್ದ ವಿಲಿಯಂ ಕ್ಯಾಂಪ್‌ಬೆಲ್ ಮೆಕ್ಲೀನ್ ಹೈದರಾಬಾದ್ ಮೆಡಿಕಲ್ ಸ್ಕೂಲನ್ನು ಕಟ್ಟಿದ. ಪಾಠವೆಲ್ಲ ಉರ್ದುವಿನಲ್ಲಿ. ಅಲ್ಲಿ ಓದಿ ಹೊರಬಂದವರು ಹಕೀಮರೆಂದೇ ಕರೆಸಿಕೊಂಡು ಜಿಲ್ಲೆಗಳ ದವಾಖಾನೆಗಳಿಗೆ ಹೋದರು. ಬೀದರ್, ಗುಲ್ಬರ್ಗ, ರಾಯಚೂರುಗಳೂ ಆಗ ನಿಜಾಮರ ರಾಜ್ಯದ ಜಿಲ್ಲೆಗಳೇ. ನಮ್ಮ ಮುತ್ತಜ್ಜಂದಿರ ನಾಡಿ ಹಿಡಿದ ಸರ್ಕಾರಿ ಡಾಕ್ಟರು ಬಹುಮಟ್ಟಿಗೆ ಈ ಕೋಠಿಯ ನೆರಳಿನಲ್ಲೇ ಕಲಿತವರು.

ಮೊದಲ ನಾಲ್ಕು ದಶಕ ಪಾಠ, ಚಿಕಿತ್ಸೆ ಅಷ್ಟೇ. ಸಂಶೋಧನೆ ಎಂಬ ಹುಚ್ಚು ಹತ್ತಿದ್ದು 1885ರಲ್ಲಿ, ಎಡ್ವರ್ಡ್ ಲಾರಿ ಬಂದ ಮೇಲೆ. ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್ ಎಂಬ ಶಸ್ತ್ರವೈದ್ಯನ ಗರಡಿಯಲ್ಲಿ ಪಳಗಿದವನು. ಅರಿವಳಿಕೆಗೆ ಕ್ಲೋರೋಫಾರಂ ಕೊಡುವಾಗ ಕಣ್ಣು ರೋಗಿಯ ಉಸಿರಿನ ಮೇಲಿರಬೇಕು, ನಾಡಿ ನೋಡುತ್ತಾ ಕೂತರೆ ಹೊತ್ತು ಮೀರುತ್ತದೆ ಎಂಬುದು ಗುರುವಿನಿಂದ ಬಂದ ಪಾಠ. ಲಂಡನ್ನಿನವರ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಕ್ಲೋರೋಫಾರಂ ಹೃದಯವನ್ನೇ ನಿಲ್ಲಿಸಿಬಿಡುತ್ತದೆ, ಆದ್ದರಿಂದ ನಾಡಿ ಬಿಡಬೇಡಿ ಎನ್ನುತ್ತಿದ್ದರು. ಮೇಜಿನ ಮೇಲೆ ಜೀವ ಹೋಗುತ್ತಿದ್ದ ಕಾಲದಲ್ಲಿ ಇದು ತರ್ಕದ ಜಗಳವಷ್ಟೇ ಆಗಿರಲಿಲ್ಲ.

1888ರಲ್ಲಿ ಲಾರಿ ತನ್ನ ಶಾಲೆಯವರನ್ನೇ ಸೇರಿಸಿ ಮೊದಲ ಹೈದರಾಬಾದ್ ಕ್ಲೋರೋಫಾರಂ ಕಮಿಷನ್ ನಡೆಸಿದ. ನಾಯಿಗಳಿಗೆ ಕ್ಲೋರೋಫಾರಂ ಕೊಟ್ಟು ನೋಡಿದರು; ಉಸಿರು ಮೊದಲು ನಿಲ್ಲುತ್ತದೆ, ಹೃದಯ ಆಮೇಲೆ ಎಂದು ತೀರ್ಮಾನಿಸಿದರು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ನಂಬಲಿಲ್ಲ. ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಮಾಡಿದ ಕೆಲಸ ಇವತ್ತಿಗೂ ನನಗೆ ಹೆಮ್ಮೆ ತರುತ್ತದೆ. ನಂಬದಿದ್ದರೆ ನಿಮ್ಮ ಕಡೆಯ ತಜ್ಞರನ್ನೇ ಕಳಿಸಿ, ಖರ್ಚು ನಮ್ಮದು ಎಂದು ಸಾವಿರ ಪೌಂಡ್ ಕೊಟ್ಟ. ಹೃದಯಶೂಲೆಗೆ ಅಮೈಲ್ ನೈಟ್ರೈಟ್ ಕೊಡಬಹುದೆಂದು ತೋರಿಸಿ ಹೆಸರಾಗಿದ್ದ ಥಾಮಸ್ ಲಾಡರ್ ಬ್ರಂಟನ್ 1889ರ ಅಕ್ಟೋಬರಿನಲ್ಲಿ ಹೈದರಾಬಾದಿಗೆ ಬಂದಿಳಿದ. ಕ್ಲೋರೋಫಾರಂ ಹೃದಯಕ್ಕೆ ಅಪಾಯ ಎಂದು ನಂಬಿಯೇ ಬಂದವನು ಆತ.

ಎರಡನೆಯ ಕಮಿಷನ್ನಿನ ಕೆಲಸವನ್ನು ಕಣ್ಮುಂದೆ ತಂದುಕೊಳ್ಳಿ. ನಾಯಿ, ಮಂಗ, ಕುದುರೆ, ಆಡು, ಬೆಕ್ಕು, ಮೊಲ, ಹೀಗೆ ನೂರಾರು ಪ್ರಾಣಿಗಳು. ರಕ್ತನಾಳಕ್ಕೆ ಕೊಳವೆ ಸೇರಿಸಿ ಒತ್ತಡ ಅಳೆಯುವ ಯಂತ್ರ. ತಿರುಗುವ ಉರುಳೆಗೆ ಸುತ್ತಿದ ಕಾಗದದ ಮೇಲೆ ಮುಳ್ಳು ರಕ್ತದ ಒತ್ತಡವನ್ನು ಗೆರೆಯಾಗಿ ಕೊರೆಯುತ್ತಾ ಹೋಗುತ್ತದೆ. ಪಕ್ಕದಲ್ಲಿ ಒಬ್ಬರು ಉಸಿರು ಎಣಿಸುತ್ತಾರೆ, ಇನ್ನೊಬ್ಬರು ಗಡಿಯಾರ ನೋಡುತ್ತಾರೆ. ಆ ಗೆರೆಗಳ ಫೋಟೋ ತೆಗೆಸಿ ಜೋಪಾನ ಮಾಡಿದರು. ಶಾಲೆಯ ಯುವ ವೈದ್ಯರು ಈ ಕೆಲಸದಲ್ಲಿ ಕೈಜೋಡಿಸಿದ್ದರು. ಅವರಲ್ಲಿ ರೂಪಾಬಾಯಿ ಫರ್ದೂಂಜಿ ಎಂಬ ಪಾರ್ಸಿ ಹೆಣ್ಣುಮಗಳು ಒಬ್ಬಳು. ಲಾರಿ ಹೆಣ್ಣುಮಕ್ಕಳಿಗೂ ಶಾಲೆಯ ಬಾಗಿಲು ತೆರೆದಾಗ ಸೇರಿ 1889ರಲ್ಲಿ ಓದು ಮುಗಿಸಿದವಳು. ಮುಂದೆ ಹೈದರಾಬಾದಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಅರಿವಳಿಕೆ ಕೊಟ್ಟಳು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬಳೆಂದು ಅವಳನ್ನು ಇಂದು ಗುರುತಿಸುತ್ತಾರೆ.

ಬ್ರಂಟನ್ ಮನಸ್ಸು ಬದಲಿಸಿದ. ಲಾರಿ ಹೇಳಿದ್ದೇ ಸರಿ ಎಂಬ ವರದಿ 1890ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಇಲ್ಲಿಗೆ ಕಥೆ ಮುಗಿಸಿ ಗೆದ್ದೆವು ಎನ್ನುವ ಅಭಿಮಾನದ ಬರಹಗಳನ್ನು ನಾನು ಓದಿದ್ದೇನೆ. ಅದು ಪೂರ್ತಿ ನಿಜವಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬ ಇಂಗ್ಲೆಂಡಿನ ಸಂಶೋಧಕ, ಕ್ಲೋರೋಫಾರಂ ಹಗುರವಾಗಿ ಹಿಡಿದಿರುವಾಗ ಮೈಯಲ್ಲಿ ಅಡ್ರಿನಲಿನ್ ಏರಿದರೆ ಹೃದಯ ಅದುರಿ ಒಮ್ಮೆಲೇ ನಿಂತುಬಿಡಬಹುದು ಎಂದು ತೋರಿಸಿದ. ಹೈದರಾಬಾದಿನ ಕಮಿಷನ್ ಕಂಡದ್ದು ಸತ್ಯದ ಅರ್ಧ. ಹಾಗಿದ್ದೂ ಉಸಿರಾಟದ ಮೇಲೆ ಕಣ್ಣಿಡಬೇಕು ಎಂಬ ಅದರ ಪಾಠ ವ್ಯರ್ಥವಾಗಲಿಲ್ಲ. ಅನುಮಾನ ಬಂದಾಗ ವಾದ ಬಿಟ್ಟು ಪ್ರಯೋಗಕ್ಕೆ ಕೂತದ್ದು, ಎದುರಾಳಿಯನ್ನೇ ಸಾಕ್ಷಿಗೆ ಕರೆದದ್ದು, ಆ ಕಾಲಕ್ಕೆ ದೊಡ್ಡ ಸಂಗತಿ.

ಇದೇ ಲಾರಿ ಇನ್ನೊಂದು ವಿಷಯದಲ್ಲಿ ಕಣ್ಣು ಮುಚ್ಚಿಕೊಂಡ. ಫ್ರಾನ್ಸಿನ ಲಾವೆರಾನ್ ಮಲೇರಿಯಾ ರೋಗಿಗಳ ರಕ್ತದಲ್ಲಿ ಕಂಡ ಪರಾವಲಂಬಿ ಜೀವಿಯನ್ನು ಅವನು ಒಪ್ಪಲೇ ಇಲ್ಲ. ಅವನ ಶಾಲೆಯಿಂದ ಕೆಲವೇ ಮೈಲಿ ದೂರದ ಬೇಗಂಪೇಟೆಯಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಗುರುತು ಕಂಡ. ಅದಕ್ಕೆ ಎರಡು ವರ್ಷ ಹಿಂದೆ ಕಾಲರಾ ಹತೋಟಿಗೆಂದು ಬೆಂಗಳೂರಿನಲ್ಲಿ ದುಡಿದಿದ್ದವನು ರಾಸ್. ಸಿಕಂದರಾಬಾದಿನ ಸೆಕೆಯಲ್ಲಿ ಪಂಖ ಬೀಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋದೀತೆಂದು ಬೆವರುತ್ತಲೇ ಕೂರುತ್ತಿದ್ದ. ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಕಚ್ಚಿಸಿಕೊಂಡಿದ್ದ. ರಾಸ್ ಸೈನ್ಯದ ವೈದ್ಯ, ಮೆಡಿಕಲ್ ಸ್ಕೂಲಿನ ಅಧ್ಯಾಪಕನಲ್ಲ. ಊರಿನ ಮೆಡಿಕಲ್ ಸ್ಕೂಲು ಆ ಕೆಲಸಕ್ಕೆ ಬೆನ್ನೆಲುಬಾಗಿ ನಿಂತಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಒಂದು ರೋಗದಲ್ಲಿ ಅಷ್ಟು ಹರಿತವಾಗಿದ್ದ ಬುದ್ಧಿ ಇನ್ನೊಂದರಲ್ಲಿ ಹಟಕ್ಕೆ ಬಿದ್ದದ್ದು ಈ ಸಂಸ್ಥೆಯ ಚರಿತ್ರೆಯಲ್ಲಿ ಮುಚ್ಚಿಡಬೇಕಾದ ವಿಷಯವಲ್ಲ. ಜ್ವರದ ರೋಗಿಗಳಿಗೆಂದೇ ಇರುವ ನಲ್ಲಕುಂಟದ ಆಸ್ಪತ್ರೆಗೆ ಈಗ ರಾಸ್‌ನ ಹೆಸರಿದೆ. ಊರಿನ ಜನಕ್ಕೆ ಮಾತ್ರ ಅದು ಇಂದಿಗೂ ಕೋರಂಟಿ ದವಾಖಾನೆ.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿತು. ಅಫ್ಜಲ್‌ಗಂಜಿನ ಆಸ್ಪತ್ರೆ ನೀರಿನ ಪಾಲಾಯಿತು. ಆವರಣದ ಹುಣಸೆಮರವನ್ನು ಹತ್ತಿ ಕೂತು ಜೀವ ಉಳಿಸಿಕೊಂಡವರ ಕಥೆ ಹೈದರಾಬಾದಿನ ಎಲ್ಲ ಮನೆಗಳಿಗೂ ಗೊತ್ತು. ಮರುವರ್ಷ ನಮ್ಮ ವಿಶ್ವೇಶ್ವರಯ್ಯನವರು ಬಂದರು. ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳ ಯೋಜನೆ, ನಗರದ ಒಳಚರಂಡಿ ಅವರದೇ. ಈ ಊರಿನ ಕಾಲರಾ, ವಿಷಮಶೀತಜ್ವರಗಳ ಚರಿತ್ರೆ ಬರೆಯುವವರು ಆ ಎಂಜಿನಿಯರನ್ನು ಬಿಟ್ಟು ಬರೆಯಲಾಗದು. ಆಸ್ಪತ್ರೆಯ ಜಾಗದಲ್ಲೇ ವಿನ್ಸೆಂಟ್ ಎಶ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಉಸ್ಮಾನಿಯಾ ಆಸ್ಪತ್ರೆ ಎದ್ದು 1925ರಲ್ಲಿ ಮುಗಿಯಿತು. 1920ರ ದಶಕದಲ್ಲಿ ಮೆಡಿಕಲ್ ಸ್ಕೂಲು ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿ ಕಾಲೇಜಾಯಿತು. ಪಾಠ ಉರ್ದುವಿನಲ್ಲಿ.

ಆ ಆಸ್ಪತ್ರೆಗೆ ನಲಗೊಂಡದಿಂದ ಬರುತ್ತಿದ್ದ ಒಂದು ಬಗೆಯ ರೋಗಿಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಲಗೊಂಡ ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸು. ಅಲ್ಲಿನ ಬಾವಿ ನೀರಿನಲ್ಲಿ ಫ್ಲೋರೈಡ್ ವಿಪರೀತ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕಡೆ ಅಲ್ಲಿ ಅದರ ಹಲವು ಪಟ್ಟು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೊದಲ ಗುರುತು. ವರ್ಷಗಟ್ಟಲೆ ಕುಡಿದ ಮೇಲೆ ಬೆನ್ನು ಬಗ್ಗುವುದಿಲ್ಲ, ಕತ್ತು ತಿರುಗುವುದಿಲ್ಲ. ಹಿಂದಿನಿಂದ ಕರೆದರೆ ಮನುಷ್ಯ ಇಡೀ ಮೈ ತಿರುಗಿಸಬೇಕು. ಎಕ್ಸ್‌ರೇ ಹಿಡಿದು ನೋಡಿದರೆ ಬೆನ್ನುಮೂಳೆಯ ಮಣಿಗಳು ಬೆಳ್ಳಗೆ ದಟ್ಟವಾಗಿ, ನಡುವಿನ ಕಟ್ಟುಗಳೂ ಮೂಳೆಯಾಗಿ, ಇಡೀ ಬೆನ್ನು ಒಂದೇ ಬಿದಿರುಗಳದಂತೆ ಕಾಣುತ್ತದೆ. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆಯ ಅಂಚಿನಲ್ಲೂ ಸುಣ್ಣ ಕಟ್ಟಿರುತ್ತದೆ. ಕೊನೆಗೆ ಬೆಳೆದ ಮೂಳೆ ಒಳಗಿನ ನರಹುರಿಯನ್ನೇ ಒತ್ತಿ ಕಾಲಿನ ಶಕ್ತಿ ಹೋಗುತ್ತದೆ.

ಎ.ಎಚ್. ಸಿದ್ದಿಖಿ ಎಂಬ ವೈದ್ಯರು ಈ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ 1955ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನ ನಲಗೊಂಡದ ಹೆಸರನ್ನು ಜಗತ್ತಿನ ವೈದ್ಯರಿಗೆ ಮುಟ್ಟಿಸಿತು. ಅನಂತರ ನರಶಸ್ತ್ರವೈದ್ಯ ಡಿ. ರಾಜಾ ರೆಡ್ಡಿ ಆ ಎಳೆ ಹಿಡಿದರು. ಮೂಳೆಯ ರೋಗವೊಂದು ನರದ ರೋಗವಾಗುವುದು ಯಾವ ಹಂತದಲ್ಲಿ, ಶಸ್ತ್ರಚಿಕಿತ್ಸೆಯಿಂದ ಎಷ್ಟು ಉಪಯೋಗ ಎಂಬುದು ಅವರ ವಿಷಯ. 1979ರಲ್ಲಿ ನರರೋಗಗಳ ಅಂತಾರಾಷ್ಟ್ರೀಯ ಕೈಪಿಡಿಯಲ್ಲಿ ಮೂಳೆಯ ಫ್ಲೋರೋಸಿಸ್ ಕುರಿತ ಅಧ್ಯಾಯ ಬರೆದವರು ಅವರೇ. ಇದೇ ರಾಜಾ ರೆಡ್ಡಿ ದಖ್ಖನಿನ ಪ್ರಾಚೀನ ನಾಣ್ಯಗಳ ತಜ್ಞರೂ ಹೌದು. ಸವೆದ ನಾಣ್ಯದ ಮೇಲಿನ ಅಕ್ಷರ ಓದುವ ಕಣ್ಣೂ ಮಸುಕು ಎಕ್ಸ್‌ರೇ ಓದುವ ಕಣ್ಣೂ ಒಂದೇ ಇರಬೇಕು. ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ನೀರಿನ ಫ್ಲೋರೈಡ್ ಇಳಿಸುವ ಸರಳ ಉಪಾಯವನ್ನು 1970ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆ ರೂಪಿಸಿದಾಗ ಅದಕ್ಕೆ ನಲಗೊಂಡ ತಂತ್ರ ಎಂದೇ ಹೆಸರಾಯಿತು. ರಾಯಚೂರು, ಕಲಬುರಗಿ, ಕೋಲಾರದ ಹಳ್ಳಿಗಳಲ್ಲಿ ಫ್ಲೋರೈಡ್ ನೀರು ಕುಡಿದವರ ಪಾಲಿಗೆ ಈ ಕೆಲಸ ದೂರದ್ದಲ್ಲ.

ಎರಡನೆಯ ಎಳೆ ಜೋಳದ್ದು. 1918ರಲ್ಲಿ ಕೂನೂರಿನಲ್ಲಿ ಮೆಕ್ಯಾರಿಸನ್ ಶುರುಮಾಡಿದ ಪೌಷ್ಟಿಕ ಸಂಶೋಧನೆಯ ಕೇಂದ್ರ 1958ರಲ್ಲಿ ಹೈದರಾಬಾದಿನ ತಾರ್ನಾಕಕ್ಕೆ ಬಂತು. 1969ರಲ್ಲಿ ಅದು ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ ಎನಿಸಿಕೊಂಡಿತು. ಅದು ಮೆಡಿಕಲ್ ಕಾಲೇಜಲ್ಲ ಎಂದು ಈ ಲೇಖನದಿಂದ ಹೊರಗಿಟ್ಟರೆ ಅನ್ಯಾಯವಾದೀತು. ಊರಿನ ಆಸ್ಪತ್ರೆಗಳ ವಾರ್ಡುಗಳೇ ಅದರ ಕೆಲಸಕ್ಕೂ ಆಧಾರ. ಇಲ್ಲಿಗೆ ಬಂದ ಸಿ. ಗೋಪಾಲನ್ ಕಂಡದ್ದು ಪೆಲಾಗ್ರ. ಬಿಸಿಲು ಬೀಳುವ ಕತ್ತು, ಕೈಕಾಲಿನ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಬಿಡುವುದಿಲ್ಲ, ಮಂಕು ಕವಿದು ಬುದ್ಧಿ ಕೆಡುತ್ತದೆ. ಅಮೆರಿಕ, ಯುರೋಪುಗಳಲ್ಲಿ ಅದು ಮೆಕ್ಕೆಜೋಳ ತಿನ್ನುವ ಬಡವರ ರೋಗ. ಇಲ್ಲಿನ ರೋಗಿಗಳು ತಿಂದದ್ದು ಜೋಳ, ನಮ್ಮ ರೊಟ್ಟಿಯ ಜೋಳ. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫಾನ್ ಕಡಿಮೆ ಎಂಬ ಹಳೆಯ ವಿವರಣೆ ಜೋಳಕ್ಕೆ ಹೊಂದುತ್ತಿರಲಿಲ್ಲ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರ ಲ್ಯಾನ್ಸೆಟ್‌ನಲ್ಲಿ ಹೊಸ ವಾದ ಮುಂದಿಟ್ಟರು: ಎರಡೂ ಧಾನ್ಯಗಳಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚು, ಅದು ದೇಹ ನಯಾಸಿನ್ ಬಳಸುವ ಬಗೆಯನ್ನು ಕೆಡಿಸುತ್ತದೆ. ಹೊರಗಿನ ಕೆಲವು ಪ್ರಯೋಗಾಲಯಗಳು ಇದನ್ನು ಒಪ್ಪಲಿಲ್ಲ, ಚರ್ಚೆ ಬಹಳ ಕಾಲ ನಡೆಯಿತು. ಜೋಳ ಉಂಡು ಬೆಳೆದ ಬೀದರ್, ಕಲಬುರಗಿಯವರು ಇದನ್ನೋದಿ ಗಾಬರಿಯಾಗಬೇಕಿಲ್ಲ. ರೊಟ್ಟಿಯ ಜೊತೆ ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಇದ್ದ ತಟ್ಟೆಯ ಹತ್ತಿರ ಪೆಲಾಗ್ರ ಸುಳಿಯುವುದಿಲ್ಲ. ಬರಿ ಜೋಳವೇ ಹೊಟ್ಟೆಗೆ ಗತಿಯಾದ ಕೂಲಿಕಾರರಿಗೆ ಅದು ಬಂತು. ಬಡತನವೇ ಅದರ ಬೇರು ಎಂದು ಗೋಪಾಲನ್ ಬಾಳಿಡೀ ಹೇಳಿದರು.

ಅದೇ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ಫ್ಲೋರೈಡ್ ಪ್ರದೇಶದ ಹರೆಯದವರಲ್ಲಿ ಮಂಡಿ ಒಳಕ್ಕೆ ಬಾಗುವ ಹೊಸ ತೊಂದರೆಯನ್ನು ವರದಿ ಮಾಡಿದರು. ಮಕ್ಕಳ ಕುರುಡು ತಡೆಯಲು ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ವಿಟಮಿನ್ ಎ ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಶುರುವಾದದ್ದು ಇಲ್ಲಿನ ಪ್ರಯೋಗಗಳ ಬಲದ ಮೇಲೆ.

ಕನ್ನಡಿಗರು ನೆನೆಯಲೇಬೇಕಾದದ್ದು ಹಂದಿಗೋಡು. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1970ರ ದಶಕದಲ್ಲಿ ಬಡ ದಲಿತ ಕುಟುಂಬಗಳ ಜನ ಸೊಂಟ, ಮಂಡಿ ಹಿಡಿದುಕೊಂಡು ತೆವಳುವಂತಾದರು. ಮಕ್ಕಳು ಕುಳ್ಳಾಗಿ ಉಳಿದರು. ಗದ್ದೆಗೆ ಹೊಡೆದ ಔಷಧಿ, ಆ ಗದ್ದೆಯ ಏಡಿ ತಿಂದದ್ದು ಕಾರಣ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಹೈದರಾಬಾದಿನಿಂದ ಹೋದ ಕೃಷ್ಣಮಾಚಾರಿ ಮತ್ತು ರಮೇಶ ವಿ. ಭಟ್ ಮನೆ ಮನೆ ನೋಡಿ, ರೋಗ ಕುಟುಂಬಗಳ ಗೆರೆ ಹಿಡಿದು ಇಳಿಯುತ್ತಿರುವುದನ್ನು ಗುರುತಿಸಿ, 1978ರಲ್ಲಿ ಮಲೆನಾಡಿನ ಕೌಟುಂಬಿಕ ಸಂಧಿರೋಗ ಎಂಬ ಅರ್ಥದ ಹೆಸರಿಟ್ಟು ಪ್ರಕಟಿಸಿದರು. ಅದು ವಂಶವಾಹಿಯ ದೋಷ ಎಂಬುದು ಮುಂದಿನ ಅಧ್ಯಯನಗಳಲ್ಲಿ ಗಟ್ಟಿಯಾಯಿತು. ರೋಗದ ಹೆಸರು ಸಿಕ್ಕಿತು. ಆ ಮನೆಗಳಿಗೆ ಬೇಕಾದ ಆಸರೆ ಅಷ್ಟು ಬೇಗ ಸಿಗಲಿಲ್ಲ. ಅದಕ್ಕೆ ಹಳ್ಳಿಯವರೇ ವರ್ಷಗಟ್ಟಲೆ ಹೋರಾಡಬೇಕಾಯಿತು.

1956ರಲ್ಲಿ ರಾಜ್ಯಗಳ ಗೆರೆ ಬದಲಾಗಿ ನಿಜಾಮರ ರಾಜ್ಯದಲ್ಲಿದ್ದ ನಮ್ಮ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 1963ರಲ್ಲಿ ಗುಲ್ಬರ್ಗದಲ್ಲಿ ಮಹಾದೇವಪ್ಪ ರಾಮಪುರೆ ಮೆಡಿಕಲ್ ಕಾಲೇಜು ಬಂತು. ರೋಗಿಗಳು ಮಾತ್ರ ಗೆರೆ ನೋಡಲಿಲ್ಲ. ಬೀದರಿನ ಬಸ್ಸು, ರಾಯಚೂರಿನ ರೈಲು ಹಿಡಿದು ಇಂದಿಗೂ ಹೈದರಾಬಾದಿಗೆ ಬರುತ್ತಾರೆ. ರೋಗಿಗೆ ಅರ್ಧ ದಖ್ಖನಿ, ಅರ್ಧ ಕನ್ನಡ. ವಾರ್ಡಿನ ಆಯಾಗೆ ತೆಲುಗು. ಕೇಸ್ ಶೀಟು ಇಂಗ್ಲಿಷಿನಲ್ಲಿ.

ಅಂತಹ ಕೇಸ್ ಶೀಟುಗಳ ಚಿಂತೆ ನನ್ನದು. 1956ರಲ್ಲಿ ಉಸ್ಮಾನಿಯಾ ಕಾಲೇಜಿನಲ್ಲಿ ಡಿ.ವಿ. ಸುಬ್ಬಾರೆಡ್ಡಿ ವೈದ್ಯಶಾಸ್ತ್ರದ ಚರಿತ್ರೆಗೆಂದೇ ಒಂದು ವಿಭಾಗ ಕಟ್ಟಿದರು. ಶರೀರಕ್ರಿಯಾಶಾಸ್ತ್ರದ ಅಧ್ಯಾಪಕ ಹಳೆಯ ಹಸ್ತಪ್ರತಿ, ವರದಿ, ಚಿತ್ರ ಕೂಡಿಹಾಕಲು ಹೊರಟರೆ ಅದೂ ಸಂಶೋಧನೆಯೇ ಎಂದು ಎಷ್ಟು ಮಂದಿ ಒಪ್ಪಿದ್ದರೋ. ಆ ವಿಭಾಗವೇ ಬೆಳೆದು ಇಂದು ಭಾರತೀಯ ವೈದ್ಯ ಪರಂಪರೆಯ ರಾಷ್ಟ್ರೀಯ ಸಂಸ್ಥೆಯಾಗಿ ಹೈದರಾಬಾದಿನಲ್ಲೇ ಇದೆ. 2020ರಲ್ಲಿ ಮಳೆನೀರು ನುಗ್ಗಿ ಉಸ್ಮಾನಿಯಾ ಆಸ್ಪತ್ರೆಯ ಹಳೆಯ ಕಟ್ಟಡ ಖಾಲಿಯಾಗಿದೆ. 2025ರ ಜನವರಿ 31ರಂದು ಅಬಿಡ್ಸ್‌ಗೆ ಅಂಟಿಕೊಂಡ ಗೋಶಾಮಹಲ್‌ನಲ್ಲಿ ಹೊಸ ಆಸ್ಪತ್ರೆಗೆ ಅಡಿಗಲ್ಲು ಬಿದ್ದಿದೆ. ಮಂಚ, ಯಂತ್ರ, ಕಡತ ಎಲ್ಲ ಸಾಗುವ ಹೊತ್ತಿಗೆ ಮೊದಲು ರದ್ದಿಗೆ ಹೋಗುವುದು ಹಳೆಯ ಎಕ್ಸ್‌ರೇ, ರೋಗಿಗಳ ದಫ್ತರು, ಪ್ರಬಂಧಗಳ ಕೈಬರಹ. ನಲಗೊಂಡದ ಮೂಳೆಯ ಕಥೆ ಸಿಕ್ಕಿದ್ದೇ ಅಂತಹ ಕಾಗದಗಳಿಂದ. ಉರ್ದುವಿನಲ್ಲಿ ಓದಿದ ವೈದ್ಯರ ಸರ್ಟಿಫಿಕೇಟು, ನೋಟ್ಸು, ಗುಂಪಿನ ಫೋಟೋ ಕಲಬುರಗಿ, ಬೀದರ್, ರಾಯಚೂರುಗಳ ಎಷ್ಟೋ ಮನೆಯ ಟ್ರಂಕುಗಳಲ್ಲಿ ಇನ್ನೂ ಇರಬಹುದು. ಇದ್ದವರು ಅವನ್ನು ಕಾಲೇಜಿನ ಗ್ರಂಥಾಲಯಕ್ಕೋ ಸುಬ್ಬಾರೆಡ್ಡಿಯವರು ಕಟ್ಟಿದ ಸಂಸ್ಥೆಗೋ ಒಪ್ಪಿಸಲಿ, ಮೂಲ ಕೊಡಲು ಮನಸ್ಸಿಲ್ಲದವರು ಪ್ರತಿಯನ್ನಾದರೂ ಕೊಡಲಿ.